ಶಿರಸಿ, ಕಾರವಾರದ ಕಡೆ ವೆಬ್‌ಸೈಟ್ ಅನಾಲಿಟಿಕ್ಸ್ ಸೇವೆ: ದರ ಕಟ್ಟುವುದು, ನಡೆಸುವುದು ಹೇಗೆ?

ಗೋಕರ್ಣದ ಹೋಮ್‌ಸ್ಟೇಗಳು, ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಡೈವಿಂಗ್‌ಗೆ ಕರೆದೊಯ್ಯುವವರು, ಕಾಳಿ ನದಿಯಲ್ಲಿ ರಾಫ್ಟಿಂಗ್ ನಡೆಸುವ ದಾಂಡೇಲಿಯ ತಂಡಗಳು, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಜೇನುತುಪ್ಪ ಪಾರ್ಸೆಲ್ ಕಳಿಸುವ ಶಿರಸಿಯ ಅಂಗಡಿಗಳು: ಇಂಥ ಎಷ್ಟೋ ವ್ಯವಹಾರಗಳು ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಿಕೊಂಡಿವೆ. ಆ ಸೈಟಿಗೆ ಯಾರು ಬಂದರು, ಎಲ್ಲಿಂದ ಬಂದರು, ಬಂದವರಲ್ಲಿ ಎಷ್ಟು ಜನ ವಿಚಾರಿಸಿದರು ಎಂಬ ಲೆಕ್ಕ ಮಾತ್ರ ಹೆಚ್ಚಿನವರ ಬಳಿ ಇಲ್ಲ. ಈ ಲೆಕ್ಕ (ಇದನ್ನೇ ಅನಾಲಿಟಿಕ್ಸ್ ಎನ್ನುವುದು) ಇಟ್ಟು, ಅದರ ಅರ್ಥ ತಿಳಿಸಿ, ಅದಕ್ಕೆ ದುಡ್ಡು ತೆಗೆದುಕೊಳ್ಳುವ ಸೇವೆಯನ್ನು ನಮ್ಮ ಜಿಲ್ಲೆಯಲ್ಲೇ ಕೂತು ನಡೆಸಬಹುದು. ಒಬ್ಬರೇ ಶುರು ಮಾಡಿ ಇಪ್ಪತ್ತು ಮೂವತ್ತು ಗಿರಾಕಿಗಳನ್ನು ಚೆನ್ನಾಗಿ ನೋಡಿಕೊಳ್ಳಬಹುದಾದ ಕೆಲಸ ಇದು. ಹೊರದೇಶದ ಕಂಪನಿಗಳ ದರಪಟ್ಟಿಯನ್ನು ನಕಲು ಮಾಡಿ ಶುರುಮಾಡಿದರೆ ಮಾತ್ರ ಇದು ಇಲ್ಲಿ ನಡೆಯುವುದಿಲ್ಲ. ಏಕೆ ನಡೆಯುವುದಿಲ್ಲ ಎಂಬುದು ಐದನೇ ಹೆಜ್ಜೆಯ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ.

ಹೆಜ್ಜೆ 1: ಗಿರಾಕಿಯ ಪ್ರಶ್ನೆ ಯಾವುದೆಂದು ಮೊದಲು ಕೇಳಿ

ಹೋಮ್‌ಸ್ಟೇ ಯಜಮಾನರ ಎದುರು ಲ್ಯಾಪ್‌ಟಾಪ್ ತೆರೆದು ಪೇಜ್ ವ್ಯೂ (ಪುಟ ಎಷ್ಟು ಸಲ ತೆರೆಯಿತು), ಬೌನ್ಸ್ ರೇಟ್ (ಬಂದ ಹಾಗೇ ಹೊರಟುಹೋದವರ ಪಾಲು) ಅಂತ ವಿವರಿಸಲು ಹೊರಟರೆ ಎರಡೇ ನಿಮಿಷದಲ್ಲಿ ಮಾತು ಬರುತ್ತದೆ: "ಅದೆಲ್ಲ ಇರ್ಲಿ ತಮಾ, ಬುಕಿಂಗ್ ಫೋನು ಎಲ್ಲಿಂದ ಬಂತು, ಅದನ್ನ ಹೇಳು." ನೂರಕ್ಕೆ ನೂರು ಸರಿಯಾದ ಪ್ರಶ್ನೆ. ನಮ್ಮ ಕಡೆ ಕೋಣೆ ಬುಕ್ ಆಗುವುದು ಬಹುಪಾಲು ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ. ಸೈಟಿನಲ್ಲಿ ಕಾರ್ಡ್ ಉಜ್ಜಿ ದುಡ್ಡು ಕಟ್ಟುವವರು ಕಡಿಮೆ. ಹಾಗಾಗಿ ಫೋನ್ ಬಟನ್ ಮತ್ತು ವಾಟ್ಸ್‌ಆ್ಯಪ್ ಬಟನ್ ಒತ್ತಿದ್ದನ್ನು ಲೆಕ್ಕ ಹಾಕದ ಅನಾಲಿಟಿಕ್ಸ್ ಇಲ್ಲಿ ಯಾರಿಗೂ ಬೇಡ.

ಉಪ್ಪಿನಕಾಯಿ ಮಾರುವವರ ಪ್ರಶ್ನೆ ಬೇರೆ. ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ಹಾಕಿದ ದುಡ್ಡು ಆರ್ಡರ್ ಆಗಿ ವಾಪಸ್ ಬಂತೇ ಎಂಬುದು ಅವರಿಗೆ ಬೇಕು. ರಾಫ್ಟಿಂಗ್‌ನವರಿಗೆ ಯಾವ ವಾರಾಂತ್ಯಕ್ಕೆ ಗೈಡ್‌ಗಳನ್ನು ಹೆಚ್ಚು ಇಟ್ಟುಕೊಳ್ಳಬೇಕು ಎಂಬ ಸುಳಿವು ಬೇಕು. ಪ್ರತಿ ಗಿರಾಕಿಯ ಫೈಲಿನ ಮೊದಲ ಸಾಲಿನಲ್ಲಿ ಅವರ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದಿಡಿ. ಆ ಒಂದು ಸಾಲು ಇಲ್ಲದ ಗಿರಾಕಿಯನ್ನು ತೆಗೆದುಕೊಳ್ಳಬೇಡಿ.

ಹೆಜ್ಜೆ 2: "ಗೂಗಲ್‌ನದ್ದು ಪುಕ್ಕಟೆ ಇದೆಯಲ್ಲ?" ಎಂಬುದಕ್ಕೆ ಉತ್ತರ

ಈ ಮಾತು ಬಂದೇ ಬರುತ್ತದೆ, ಪ್ರಾಮಾಣಿಕವಾಗಿ ಉತ್ತರಿಸಿ. ಗೂಗಲ್ ಅನಾಲಿಟಿಕ್ಸ್ 2005ರಿಂದ ಇದೆ, ಸಣ್ಣ ಸೈಟಿಗೆ ಪುಕ್ಕಟೆಯಾಗಿ ಸಿಗುತ್ತದೆ, ಶಕ್ತಿಯುತವಾದದ್ದು. ಅದನ್ನು ಸ್ವತಃ ಓದಿ ಬಳಸಬಲ್ಲವರಿಗೆ ಅದೇ ಸಾಕು ಎಂದು ಹೇಳಿಬಿಡಿ. ಉಳಿದವರಿಗೆ ಎರಡು ವಿಷಯ ತೋರಿಸಿ.

ಮೊದಲನೆಯದು, ಅದರ ಹಳೆಯ ಆವೃತ್ತಿ ಯೂನಿವರ್ಸಲ್ ಅನಾಲಿಟಿಕ್ಸ್ 2023ರ ಜುಲೈ 1ಕ್ಕೆ ಸಾಮಾನ್ಯ ಬಳಕೆದಾರರ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಮರುವರ್ಷ ಆ ಹಳೆಯ ದತ್ತಾಂಶವೂ ಕೈತಪ್ಪಿತು. ಇಳಿಸಿಟ್ಟುಕೊಳ್ಳದವರ ವರ್ಷಗಟ್ಟಲೆ ಲೆಕ್ಕ ಹೋಯಿತು. ಎರಡನೆಯದು, ಈಗಿನ ಆವೃತ್ತಿ ಜಿಎ4ರ (ಗೂಗಲ್ ಅನಾಲಿಟಿಕ್ಸ್ 4) ಎಕ್ಸ್‌ಪ್ಲೋರೇಷನ್ ವಿಭಾಗದಲ್ಲಿ ವಿವರವಾದ ದತ್ತಾಂಶ ಪುಕ್ಕಟೆ ಬಳಕೆದಾರರಿಗೆ ಹೆಚ್ಚೆಂದರೆ 14 ತಿಂಗಳು ಸಿಗುತ್ತದೆ. ಸೆಟ್ಟಿಂಗ್ ಬದಲಿಸದೆ ಬಿಟ್ಟರೆ ಎರಡೇ ತಿಂಗಳು.

ನಮ್ಮ ಕಡೆ ಇದು ಹೆಚ್ಚು ಕಾಡುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಜಾತ್ರೆ ನಡೆದ 2024ರ ಮಾರ್ಚನ್ನು ಜಾತ್ರೆಯಿಲ್ಲದ 2025ರ ಮಾರ್ಚ್ ಜೊತೆ ಹೋಲಿಸಿದರೆ ಶಿರಸಿಯ ಲಾಡ್ಜ್ ಮಾಲೀಕರಿಗೆ ವ್ಯಾಪಾರ ಬಿದ್ದುಹೋದ ಹಾಗೆ ಕಾಣುತ್ತದೆ. ಸರಿಯಾದ ಹೋಲಿಕೆಗೆ ಎರಡು ವರ್ಷ ಹಿಂದಿನ ವಿವರ ಕೈಯಲ್ಲಿರಬೇಕು. ಮೂರು ವರ್ಷದ ಲೆಕ್ಕ ಇಟ್ಟುಕೊಳ್ಳುತ್ತೇವೆ, ಅದು ನಿಮ್ಮದೇ ಆಸ್ತಿ, ಕೇಳಿದಾಗ ಕೊಡುತ್ತೇವೆ ಎಂದು ಬರೆದುಕೊಡಿ. ಆ ಮಾತಿಗೆ ಬೆಲೆ ಇದೆ.

ಹೆಜ್ಜೆ 3: ಸಾಫ್ಟ್‌ವೇರ್ ಆರಿಸುವುದು, ಸರ್ವರ್ ಹಿಡಿಯುವುದು

ಮೊದಲಿನಿಂದ ಸಾಫ್ಟ್‌ವೇರ್ ಬರೆಯಬೇಡಿ. ಮ್ಯಾಟೊಮೊ, ಪ್ಲಾಸಿಬಲ್, ಉಮಾಮಿ ಈ ಮೂರೂ ಭೇಟಿಗಳ ಲೆಕ್ಕ ಇಡುವ ಮುಕ್ತ ತಂತ್ರಾಂಶಗಳು. ಮ್ಯಾಟೊಮೊ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಮೇಲೆ ಓಡುತ್ತದೆ, ಸೌಲಭ್ಯ ಹೆಚ್ಚು, ತೂಕವೂ ಹೆಚ್ಚು. ಪ್ಲಾಸಿಬಲ್ ಅಂಕಿಗಳನ್ನು ಕ್ಲಿಕ್‌ಹೌಸ್ ಎಂಬ ಡೇಟಾಬೇಸ್‌ನಲ್ಲಿ ಇಡುತ್ತದೆ, ಬಹಳ ವೇಗ. ಉಮಾಮಿ ನೋಡ್‌ಜೆಎಸ್ ಮೇಲೆ ನಡೆಯುವ ಹಗುರ ವ್ಯವಸ್ಥೆ. ಸಣ್ಣ ಸೈಟುಗಳಿಗೆ, ಒಬ್ಬರೇ ನಡೆಸುವವರಿಗೆ ನನ್ನ ಆಯ್ಕೆ ಉಮಾಮಿ. ಅಂಗಡಿ, ಆರ್ಡರ್, ಜಾಹೀರಾತು ಅಂತ ಆಳವಾದ ಲೆಕ್ಕ ಬೇಕಾದಲ್ಲಿ ಮ್ಯಾಟೊಮೊ. ಮ್ಯಾಟೊಮೊ ಹಾಕಿದರೆ ವರದಿ ಸಿದ್ಧಪಡಿಸುವ ಕೆಲಸವನ್ನು ಮೊದಲ ದಿನವೇ ಕ್ರಾನ್‌ಗೆ (ನಿಗದಿತ ಹೊತ್ತಿಗೆ ಕೆಲಸವನ್ನು ತಾನೇ ನಡೆಸುವ ಸರ್ವರಿನ ವ್ಯವಸ್ಥೆ) ವಹಿಸಿ. ಇಲ್ಲವಾದರೆ ಗಿರಾಕಿ ಡ್ಯಾಶ್‌ಬೋರ್ಡ್ ತೆರೆದಾಗಲೇ ಲೆಕ್ಕ ಶುರುವಾಗಿ ಪುಟ ತಿರುಗುತ್ತಾ ಕೂರುತ್ತದೆ.

ಪರವಾನಗಿ ಓದಿಕೊಳ್ಳಿ. ಉಮಾಮಿಯದು ಎಂಐಟಿ, ದುಡ್ಡಿನ ಸೇವೆಗೆ ಬಳಸಲು ಅಡ್ಡಿಯಿಲ್ಲ. ಪ್ಲಾಸಿಬಲ್‌ನದು ಎಜಿಪಿಎಲ್, ಅಂದರೆ ನೀವು ಕೋಡ್ ಬದಲಿಸಿ ಜಾಲದ ಮೂಲಕ ಸೇವೆ ಕೊಟ್ಟರೆ ಬದಲಿಸಿದ ಮೂಲಕೋಡನ್ನು ಬಳಸುವವರಿಗೆ ಸಿಗುವಂತೆ ಇಡಬೇಕು. ಅವರ ಹೆಸರು, ಲಾಂಛನ ಬಳಸಿ ಮಾರುವುದಂತೂ ಕೂಡದು.

ಸರ್ವರ್ ಮನೆಯಲ್ಲಿ ಇಡುವ ಯೋಚನೆ ಬೇಡ. ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ 4 ಜಿಬಿ ಮೆಮೊರಿಯ ವಿಪಿಎಸ್ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಹಿಡಿದರೆ ಹತ್ತಾರು ಸಣ್ಣ ಸೈಟುಗಳಿಗೆ ಧಾರಾಳ. ಗಿರಾಕಿಯ ಸೈಟಿಗೆ ಹಾಕುವ ಟ್ರ್ಯಾಕಿಂಗ್ ಸ್ಕ್ರಿಪ್ಟ್ (ಭೇಟಿ ಎಣಿಸುವ ಸಣ್ಣ ಕೋಡ್, ಇದನ್ನೇ ಟ್ಯಾಗ್ ಎನ್ನುವುದು) ಪುಟವನ್ನು ತಡೆಹಿಡಿಯದ ರೀತಿಯಲ್ಲಿ, ಡಿಫರ್ ಎಂಬ ಗುಣ ಸೇರಿಸಿ ಹಾಕಿ. ನಿಮ್ಮ ಸರ್ವರ್ ಬಿದ್ದರೂ ಅವರ ಸೈಟು ನಿಲ್ಲಬಾರದು.

ಹೆಜ್ಜೆ 4: ಅಂಕಿ ನಂಬುವ ಹಾಗೆ ಮಾಡಿಕೊಳ್ಳುವುದು

ದುಡ್ಡು ಕೊಡುವ ಗಿರಾಕಿ ಒಂದು ಅಂಕಿ ಸುಳ್ಳೆಂದು ಕಂಡುಕೊಂಡರೆ ಉಳಿದದ್ದನ್ನೂ ನಂಬುವುದಿಲ್ಲ. ಹಾಗಾಗಿ ಈ ಹೆಜ್ಜೆಗೆ ಸಮಯ ಕೊಡಿ.

ಸಮಯವಲಯದಿಂದ ಶುರುಮಾಡಿ. ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಮಾನಕ ಸಮಯ) ಓಡುತ್ತಿದ್ದು ವರದಿಯೂ ಅದರಲ್ಲೇ ಬಂದರೆ ನಮ್ಮ ದಿನ ಬೆಳಿಗ್ಗೆ 5.30ಕ್ಕೆ ಶುರುವಾಗುತ್ತದೆ. ಶನಿವಾರ ನಡುರಾತ್ರಿ ದಾಟಿದ ಮೇಲೆ ಕೋಣೆ ಹುಡುಕಿದವರೂ ಶನಿವಾರದ ಲೆಕ್ಕಕ್ಕೇ ಬೀಳುತ್ತಾರೆ. ಭಾರತೀಯ ಕಾಲಮಾನಕ್ಕೆ ಬದಲಿಸಿ. ಆಮೇಲೆ ಮಾಲೀಕರು, ಅವರ ಮಕ್ಕಳು, ಸೈಟು ಮಾಡಿಕೊಟ್ಟ ಹುಡುಗ ಇವರ ಭೇಟಿಗಳನ್ನು ಲೆಕ್ಕದಿಂದ ಹೊರಗಿಡಿ. ದಿನಕ್ಕೆ ಮೂವತ್ತು ಜನ ಬರುವ ಸೈಟಿನಲ್ಲಿ ಮನೆಯವರೇ ಎಂಟು ಹತ್ತು ಸಲ ತೆರೆದರೆ ಅಂಕಿಗೆ ಅರ್ಥ ಉಳಿಯುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ ಲಿಂಕ್ ಒತ್ತಿ ಬಂದವರು ಸಾಮಾನ್ಯವಾಗಿ "ನೇರ ಭೇಟಿ" ಎಂದೇ ದಾಖಲಾಗುತ್ತಾರೆ, ಏಕೆಂದರೆ ಎಲ್ಲಿಂದ ಬಂದರೆಂಬ ಮಾಹಿತಿ ಜೊತೆಗೆ ಬರುವುದಿಲ್ಲ. ಗೂಗಲ್ ಮ್ಯಾಪ್‌ನ ವ್ಯವಹಾರ ಪುಟದಿಂದ ಬಂದವರು ಮಾಮೂಲಿ ಗೂಗಲ್ ಹುಡುಕಾಟದವರ ಜೊತೆ ಸೇರಿಹೋಗುತ್ತಾರೆ. ಎರಡಕ್ಕೂ ಮದ್ದು ಯುಟಿಎಂ ಗುರುತು (ಎಲ್ಲಿಂದ ಬಂದರೆಂದು ಹೇಳಲು ವಿಳಾಸದ ಕೊನೆಗೆ ಹಚ್ಚುವ ಪದಗಳು) ಸೇರಿಸಿದ ಲಿಂಕ್. ಮ್ಯಾಪ್‌ಗೆ ಒಂದು, ಇನ್‌ಸ್ಟಾಗ್ರಾಮ್ ಬಯೋಗೆ ಒಂದು, ವಾಟ್ಸ್‌ಆ್ಯಪ್‌ಗೆ ಒಂದು, ವಿಸಿಟಿಂಗ್ ಕಾರ್ಡಿನ ಕ್ಯೂಆರ್ ಕೋಡಿಗೆ ಒಂದು. ಇವನ್ನು ನೀವೇ ಮಾಡಿ, ನೀವೇ ಆಯಾ ಜಾಗದಲ್ಲಿ ಹಾಕಿಕೊಡಿ. ಗಿರಾಕಿಗೆ ಬಿಟ್ಟರೆ ಆಗುವುದಿಲ್ಲ.

ಇನ್ನೊಂದು ಸೂಕ್ಷ್ಮ ವಿಷಯ "ಎಷ್ಟು ಜನ ಬಂದರು" ಎಂಬ ಅಂಕಿಯದು. ಕುಕಿ (ಬ್ರೌಸರಿನಲ್ಲಿ ಉಳಿಸಿಡುವ ಗುರುತು) ಬಳಸದ ಸಾಧನಗಳು ಐಪಿ ವಿಳಾಸ ಮತ್ತು ಬ್ರೌಸರ್ ಹೆಸರನ್ನು ಒಂದು ಗುಪ್ತ ಸಂಖ್ಯೆಯ ಜೊತೆ ಬೆರೆಸಿ ಗುರುತು ಮಾಡುತ್ತವೆ. ಆ ಗುಪ್ತ ಸಂಖ್ಯೆ ಕಾಲಕಾಲಕ್ಕೆ ಬದಲಾಗುತ್ತದೆ, ಪ್ಲಾಸಿಬಲ್‌ನಲ್ಲಿ ಪ್ರತಿದಿನ. ಖಾಸಗಿತನಕ್ಕೆ ಒಳ್ಳೆಯ ಪದ್ಧತಿ. ಆದರೆ ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಬಹಳ ಜನರಿಗೆ ಹಂಚುತ್ತವೆ. ಆಂಡ್ರಾಯ್ಡ್ ಕ್ರೋಮ್ ಕೂಡ 2023ರಿಂದ ಫೋನಿನ ಮಾದರಿಯನ್ನು ಬ್ರೌಸರ್ ಹೆಸರಿನಲ್ಲಿ ಹೇಳುವುದಿಲ್ಲ. ಹಾಗಾಗಿ ಇಬ್ಬರು ಒಬ್ಬರಾಗಿ ಕಾಣಬಹುದು. ಬೆಳಿಗ್ಗೆ ಮೊಬೈಲ್ ಡೇಟಾದಲ್ಲಿ, ಸಂಜೆ ಮನೆಯ ವೈಫೈನಲ್ಲಿ ನೋಡಿದ ಒಬ್ಬರು ಇಬ್ಬರಾಗಿಯೂ ಕಾಣಬಹುದು. ಊರಿನ ಅಂಕಿ ಇನ್ನೂ ಸಡಿಲ: ಕುಮಟಾದಲ್ಲಿ ಕೂತು ಮೊಬೈಲಿನಲ್ಲಿ ನೋಡಿದವರು ಬೆಂಗಳೂರಿನವರೆಂದು ದಾಖಲಾಗುವುದು ಮಾಮೂಲು. ಇವನ್ನೆಲ್ಲ ಗಿರಾಕಿಗೆ ಮೊದಲೇ ಹೇಳಿ. ವರದಿಯಲ್ಲಿ ಬಟನ್ ಒತ್ತಿದ ಸಂಖ್ಯೆಯನ್ನು ಮುಂದಿಡಿ, ಜನರ ಸಂಖ್ಯೆಯನ್ನು ಅಂದಾಜೆಂದು ಕರೆಯಿರಿ.

ಬಟನ್ ಒತ್ತಿದ್ದೆಲ್ಲ ಫೋನ್ ಕರೆ ಆಗಿರುವುದಿಲ್ಲ. ಕಂಪ್ಯೂಟರಿನಲ್ಲಿ ನಂಬರ್ ನೋಡಿ ಕೈಯಲ್ಲಿ ಡಯಲ್ ಮಾಡಿದವರು ಲೆಕ್ಕಕ್ಕೇ ಸಿಗುವುದಿಲ್ಲ. ರಿಸೆಪ್ಶನ್ ಟೇಬಲ್ಲಿನ ಮೇಲೆ ಒಂದು ನೋಟ್‌ಬುಕ್ ಇಡಿಸಿ, ಕರೆ ಮಾಡಿದವರಿಗೆ "ನಮ್ದು ಎಲ್ಲಿ ನೋಡಿದ್ರಿ?" ಅಂತ ಕೇಳಿ ಗೀಟು ಹಾಕಲು ಹೇಳಿ. ತಿಂಗಳ ಕೊನೆಗೆ ಆ ಗೀಟುಗಳನ್ನು ನಿಮ್ಮ ಅಂಕಿಯ ಪಕ್ಕ ಇಟ್ಟು ನೋಡಿದರೆ ಎರಡರ ಅಂತರ ಎಷ್ಟೆಂದು ತಿಳಿಯುತ್ತದೆ.

ಹೆಜ್ಜೆ 5: ದರ ಕಟ್ಟುವುದು

ಹೊರದೇಶದ ಅನಾಲಿಟಿಕ್ಸ್ ಸೇವೆಗಳು ಹೆಚ್ಚಾಗಿ ಪೇಜ್ ವ್ಯೂ ಎಣಿಸಿ ದರ ಹಾಕುತ್ತವೆ. ಅವರಿಗೆ ಅದು ಸರಿ. ಗಿರಾಕಿ ತಾನೇ ಸೇರುತ್ತಾನೆ, ತಾನೇ ನೋಡಿಕೊಳ್ಳುತ್ತಾನೆ, ಖರ್ಚು ಏರುವುದು ಅಂಕಿಗಳ ಗಾತ್ರದ ಮೇಲೆ. ನಮ್ಮ ಖರ್ಚು ಎಲ್ಲಿದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಅಂಕಿಗಳನ್ನು ನಿಮ್ಮ ಪರಿಸ್ಥಿತಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಸರ್ವರ್, ಬ್ಯಾಕಪ್, ಡೊಮೇನ್, ಇಮೇಲ್ ಎಲ್ಲ ಸೇರಿ ತಿಂಗಳಿಗೆ ₹2,800 ಎಂದುಕೊಳ್ಳಿ. ಸರ್ವರ್ ನೋಡಿಕೊಳ್ಳಲು ತಿಂಗಳಿಗೆ 8 ಗಂಟೆ. ನಿಮ್ಮ ಒಂದು ಗಂಟೆಗೆ ₹400 ಹಿಡಿದರೆ ₹3,200. ಅಲ್ಲಿಗೆ ಗಿರಾಕಿ ಇರಲಿ ಬಿಡಲಿ, ₹6,000 ಆಯಿತು. ಇದರ ಮೇಲೆ ಪ್ರತಿ ಗಿರಾಕಿಗೆ ವರದಿ ಬರೆಯಲು, ಫೋನಿನಲ್ಲಿ ಮಾತಾಡಲು ತಿಂಗಳಿಗೊಂದು ಗಂಟೆ, ಅಂದರೆ ₹400. ಇಪ್ಪತ್ತು ಗಿರಾಕಿಗಳಿದ್ದರೆ ಒಟ್ಟು ₹14,000. ಅದರಲ್ಲಿ ₹11,200 ನಿಮ್ಮ ಸಮಯದ ಬೆಲೆ. ಯಂತ್ರದ ಖರ್ಚು ಐದನೇ ಒಂದು ಪಾಲು ಮಾತ್ರ. ಖರ್ಚಿನ ಐದರಲ್ಲಿ ನಾಲ್ಕು ಪಾಲು ಸಮಯವಾಗಿರುವಾಗ ಪೇಜ್ ವ್ಯೂ ಎಣಿಸಿ ದರ ಹಾಕುವುದಕ್ಕೆ ಅರ್ಥವಿಲ್ಲ. ನೀವು ಕೊಡುವ ಸಮಯಕ್ಕೆ ದರ ಹಾಕಿ.

ಮುಖ್ಯ ಯೋಜನೆ ತಿಂಗಳಿಗೆ ₹999 ಇರಲಿ. ಒಂದು ಸೈಟು, ಕನ್ನಡದಲ್ಲಿ ಒಂದು ಪುಟದ ವರದಿ, ಹದಿನೈದು ನಿಮಿಷದ ಮಾತು. ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ₹9,990, ಮಳೆಗಾಲದ ಎರಡು ತಿಂಗಳ ದುಡ್ಡು ಬಿಟ್ಟ ಲೆಕ್ಕ. ಆ ಎರಡು ತಿಂಗಳು ಲೆಕ್ಕ ಇಡುವುದು ನಡೆಯುತ್ತದೆ, ವರದಿ ಇರುವುದಿಲ್ಲ. ಇದು ಕರಾವಳಿಯವರಿಗೆ ಚೆನ್ನಾಗಿ ಅರ್ಥವಾಗುವ ರಿಯಾಯಿತಿ: ಜೂನ್, ಜುಲೈನಲ್ಲಿ ಮೀನುಗಾರಿಕೆ ಬೋಟುಗಳೂ ದಡದಲ್ಲೇ ಇರುತ್ತವೆ, ಜಲಕ್ರೀಡೆಯೂ ಬಂದ್. ಯಲ್ಲಾಪುರ, ಸಿದ್ದಾಪುರದ ಕಡೆ ಮಾತ್ರ ಜಲಪಾತ ನೋಡಲು ಜನ ಬರುವುದು ಮಳೆಯಲ್ಲೇ. ಅಲ್ಲಿನವರಿಗೆ ಏಪ್ರಿಲ್, ಮೇ ಬಿಡಿ.

ಒಬ್ಬ ಗಿರಾಕಿಯಿಂದ ವರ್ಷಕ್ಕೆ ಬರುವುದು ₹9,990. ಹತ್ತು ವರದಿಗೆ ಹೋಗುವುದು ₹4,000. ಉಳಿಯುವ ₹5,990 ನಿಮ್ಮ ಕಾಯಂ ಖರ್ಚಾದ ವಾರ್ಷಿಕ ₹72,000ಕ್ಕೆ ಸೇರಬೇಕು. ಹನ್ನೆರಡು ಗಿರಾಕಿಗೆ ಅದು ₹71,880, ಹೆಚ್ಚುಕಡಿಮೆ ಸಮ. ಹದಿಮೂರನೆಯವರಿಂದ ಲಾಭ. ಇಪ್ಪತ್ತು ಜನರಾದರೆ ನಿಮ್ಮ ಸಮಯದ ಬೆಲೆ ಬಂದಮೇಲೂ ವರ್ಷಕ್ಕೆ ₹47,800 ಮಿಗುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಎದುರು ಅಂಟಿಸಿಕೊಳ್ಳಿ. ಗುರುತಿನವರು "ಐನೂರಕ್ಕೆ ಮಾಡಿಕೊಡು" ಅಂದಾಗ ಹಾಳೆ ಉತ್ತರ ಹೇಳುತ್ತದೆ: ಐನೂರಕ್ಕೆ ಮಾಡಿದರೆ ವರದಿಯ ಖರ್ಚು ಕಳೆದು ಉಳಿಯುವುದು ವರ್ಷಕ್ಕೆ ಒಂದು ಸಾವಿರ, ಕಾಯಂ ಖರ್ಚು ತೀರಿಸಲು ಎಪ್ಪತ್ತೆರಡು ಗಿರಾಕಿ ಬೇಕು.

ಶುರುವಿನಲ್ಲಿ ಟ್ಯಾಗ್ ಹಾಕಲು, ಬಟನ್ ಲೆಕ್ಕ ಜೋಡಿಸಲು, ಲಿಂಕ್‌ಗಳನ್ನು ಬದಲಿಸಲು ಒಂದು ಸಲದ ಶುಲ್ಕ ₹2,500 ತೆಗೆದುಕೊಳ್ಳಿ. ಇದನ್ನು ಬಿಡಬೇಡಿ, ಅರ್ಧ ದಿನದ ಕೆಲಸ ಇರುತ್ತದೆ. ಆರ್ಡರ್ ಮತ್ತು ಜಾಹೀರಾತಿನ ಲೆಕ್ಕ ಬೇಕಾದ ಆನ್‌ಲೈನ್ ಅಂಗಡಿಗಳಿಗೆ ₹2,499ರ ಯೋಜನೆ ಮಾಡಿ. ವರದಿಯಿಲ್ಲದ, ಡ್ಯಾಶ್‌ಬೋರ್ಡ್ ಮಾತ್ರದ ₹399ರ ಯೋಜನೆಗೆ ಆಸೆಪಡುವವರು ಬಹಳ. ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷ ಅದು ಬೇಡ. ಕಡಿಮೆ ದುಡ್ಡು ಕೊಟ್ಟವರಿಗೂ ಅಂಕಿ ಅರ್ಥವಾಗದಿದ್ದಾಗ ಫೋನ್ ಮಾಡಬೇಕಾಗುತ್ತದೆ, ಆಗ ಇಲ್ಲ ಎನ್ನುವುದು ನಮ್ಮೂರಿನಲ್ಲಿ ಆಗದ ಮಾತು.

ಪೇಜ್ ವ್ಯೂಗೆ ಒಂದು ಮಿತಿ ಇರಲಿ, ತಿಂಗಳಿಗೆ 50,000 ಸಾಕು. ಆದರೆ ಯಾಣದ ರೀಲ್ಸ್ ಒಂದು ಓಡಿ ಒಮ್ಮೆಲೇ ಹತ್ತು ಪಟ್ಟು ಜನ ಬಂದರೆ ಅದಕ್ಕೆ ಹೆಚ್ಚುವರಿ ಬಿಲ್ ಹಾಕಬೇಡಿ. ಬಾಟ್‌ಗಳ (ಮನುಷ್ಯರಲ್ಲದ ಸ್ವಯಂಚಾಲಿತ ಪ್ರೋಗ್ರಾಂಗಳ) ಭೇಟಿ ತೆಗೆದ ಮೇಲೂ ಸತತ ಎರಡು ತಿಂಗಳು ಮಿತಿ ದಾಟಿದರೆ ಮಾತ್ರ ಮೇಲಿನ ಯೋಜನೆಯ ಮಾತೆತ್ತಿ.

ಪ್ರಾಯೋಗಿಕ ಅವಧಿ ಕೊಡುವುದಾದರೆ ಕರಾವಳಿಯವರಿಗೆ ಅಕ್ಟೋಬರ್ ಮಧ್ಯದಿಂದ ಕೊಡಿ. ಖಾಲಿ ತಿಂಗಳಲ್ಲಿ ತೋರಿಸಿದ ಖಾಲಿ ಗ್ರಾಫ್ ನೋಡಿ ಯಾರೂ ದುಡ್ಡು ಕೊಡುವುದಿಲ್ಲ.

ಹೆಜ್ಜೆ 6: ದುಡ್ಡು ವಸೂಲಿ, ಬಿಲ್ಲು, ತೆರಿಗೆ

ನವೀಕರಣದ ತಾರೀಖನ್ನು ಜನವರಿಗೆ ತನ್ನಿ. ಡಿಸೆಂಬರ್ ರಜೆಯ ದುಡ್ಡು ಕರಾವಳಿಯಲ್ಲಿ ಕೈಗೆ ಬಂದಿರುತ್ತದೆ, ಘಟ್ಟದ ಮೇಲೆ ಅಡಿಕೆ ಕೊಯ್ಲು ನಡೆದಿರುತ್ತದೆ. ಆಗಸ್ಟ್‌ನಲ್ಲಿ ಬಿಲ್ ಕಳಿಸಿ ಅಕ್ಟೋಬರ್‌ವರೆಗೆ ಕಾಯುವುದು ಇಬ್ಬರಿಗೂ ಮುಜುಗರ.

ಇಪ್ಪತ್ತು ಜನರಿಗೆ ವಾರ್ಷಿಕ ಬಿಲ್ ಮಾಡಲು ಯುಪಿಐ ಕ್ಯೂಆರ್ ಸಾಕು, ಅದಕ್ಕೆ 2020ರ ಜನವರಿಯಿಂದ ಎಂಡಿಆರ್ (ದುಡ್ಡು ಪಡೆಯುವ ವ್ಯಾಪಾರಿಯಿಂದ ಕಡಿಯುವ) ಶುಲ್ಕವೂ ಇಲ್ಲ. ತಿಂಗಳ ಗಿರಾಕಿಗಳು ಹೆಚ್ಚಾದಾಗ ಪೇಮೆಂಟ್ ಗೇಟ್‌ವೇ ಮೂಲಕ ಆಟೋಪೇ ಹಾಕಿ. ರಿಸರ್ವ್ ಬ್ಯಾಂಕ್ ನಿಯಮದಂತೆ ₹15,000ವರೆಗಿನ ಮರುಕಳಿಸುವ ಪಾವತಿಗೆ ಪ್ರತಿ ಸಲ ಪಿನ್ ಬೇಕಾಗಿಲ್ಲ, 24 ಗಂಟೆ ಮೊದಲು ಗಿರಾಕಿಗೆ ಸೂಚನೆ ಹೋಗಬೇಕು. ನಮ್ಮ ಮುಖ್ಯ ಯೋಜನೆಯ ವಾರ್ಷಿಕ ದರವೂ ಈ ಮಿತಿಯ ಒಳಗೇ ಇದೆ.

ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ವಾರ್ಷಿಕ ವಹಿವಾಟು ₹20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದೆ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ದೊಡ್ಡ ರೆಸಾರ್ಟ್‌ನವರು ಜಿಎಸ್‌ಟಿ ಬಿಲ್ ಕೇಳುತ್ತಾರೆಂದು ಒಬ್ಬರಿಗಾಗಿ ಸ್ವಯಂ ನೋಂದಣಿ ಮಾಡಿದರೆ ನಾಲ್ಕು ಕೋಣೆಯ ಹೋಮ್‌ಸ್ಟೇಗೂ 18 ಶೇಕಡಾ ಸೇರಿಸಬೇಕಾಗುತ್ತದೆ, ಅವರಿಗೆ ಅದು ವಾಪಸ್ ಸಿಗದೆ ಹೋಗಬಹುದು. ಯೋಚಿಸಿ, ಲೆಕ್ಕಪರಿಶೋಧಕರನ್ನು ಕೇಳಿ ಮಾಡಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾತ್ರ ಪುಕ್ಕಟೆ, ಮಾಡಿಸಿಟ್ಟುಕೊಳ್ಳಿ.

ಹೆಜ್ಜೆ 7: ತಿಂಗಳ ವರದಿ

ಗಿರಾಕಿ ಉಳಿಯುವುದು ಈ ಒಂದು ಪುಟದಿಂದ. ಗ್ರಾಫ್‌ಗಳನ್ನು ಅಂಟಿಸಿದ ಹನ್ನೆರಡು ಪುಟದ ಪಿಡಿಎಫ್ ಯಾರೂ ಓದುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಓದಿ ಮುಗಿಯುವಷ್ಟು ಇರಲಿ. ಒಂದು ಮಾದರಿ, ಅಂಕಿಗಳು ಬರೀ ಉದಾಹರಣೆಗೆ:

"ನಮಸ್ಕಾರ ನಾಯ್ಕರೇ, ನವೆಂಬರ್ ತಿಂಗಳ ವರದಿ. ನಿಮ್ಮ ಸೈಟಿನಲ್ಲಿ ಫೋನ್ ಅಥವಾ ವಾಟ್ಸ್‌ಆ್ಯಪ್ ಬಟನ್ 64 ಸಲ ಒತ್ತಿದ್ದಾರೆ. ಕಳೆದ ವರ್ಷದ ನವೆಂಬರಿನಲ್ಲಿ 41 ಇತ್ತು. ಈ 64ರಲ್ಲಿ 30 ಗೂಗಲ್ ಮ್ಯಾಪಿನಿಂದ, 19 ಇನ್‌ಸ್ಟಾಗ್ರಾಮಿನಿಂದ, 3 ನೀವು ₹4,000 ಹಾಕಿದ ಜಾಹೀರಾತಿನಿಂದ, ಉಳಿದ 12 ಬೇರೆ ಕಡೆಯಿಂದ. ಕೋಣೆ ದರದ ಪುಟ ತೆರೆದವರಲ್ಲಿ ಅರ್ಧಕ್ಕರ್ಧ ಜನ ಅಲ್ಲಿಂದಲೇ ಹೊರಟುಹೋಗಿದ್ದಾರೆ, ಏಕೆಂದರೆ ಅಲ್ಲಿ ಇನ್ನೂ ಕಳೆದ ವರ್ಷದ ದರ ಇದೆ. ಈ ವಾರ ಮಾಡಬೇಕಾದದ್ದು: ಜಾಹೀರಾತು ನಿಲ್ಲಿಸಿ, ಡಿಸೆಂಬರ್ ಕೊನೆಯ ವಾರದ ದರ ಹಾಕಿಸಿ. ಮ್ಯಾಪಿನಲ್ಲಿ ಹೊಸ ಫೋಟೋ ಹಾಕಿದರೆ ಇನ್ನೂ ಒಳ್ಳೆಯದು."

ಫಲಿತಾಂಶ, ಮೂಲ, ಒಂದು ಕಾರಣ, ಮಾಡಬೇಕಾದ ಕೆಲಸ. ಇಷ್ಟೇ ಸಾಕು. ಕೊನೆಯ ಭಾಗ ಬರೆಯಲು ಏನೂ ತೋಚದ ತಿಂಗಳು ಗಿರಾಕಿಗೆ ಫೋನ್ ಮಾಡಿ ಮಾತಾಡಿ, ವಿಷಯ ಸಿಗುತ್ತದೆ. ಅಂಕಿ ಕೆಟ್ಟದಾಗಿದ್ದರೂ ಹಾಗೆಯೇ ಬರೆಯಿರಿ. ಮುಚ್ಚಿಟ್ಟರೆ ಈ ಸೇವೆಗೆ ಅರ್ಥವೇ ಇಲ್ಲ.

ಹೆಜ್ಜೆ 8: ಒಪ್ಪಂದ ಮತ್ತು ಕಾನೂನು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ದತ್ತಾಂಶದ ಹೊಣೆ ಗಿರಾಕಿಯದು, ನೀವು ಅವರ ಪರವಾಗಿ ಸಂಸ್ಕರಿಸುವವರು. ಇಬ್ಬರ ನಡುವೆ ಒಪ್ಪಂದ ಇರಲೇಬೇಕು. ಸುರಕ್ಷತೆಯಲ್ಲಿ ಲೋಪವಾದರೆ ಆ ಕಾಯ್ದೆಯಡಿ ದಂಡ ₹250 ಕೋಟಿವರೆಗೂ ಹೋಗಬಹುದು. ಬೇಕಿಲ್ಲದ್ದನ್ನು ಸಂಗ್ರಹಿಸದಿರುವುದೇ ಸುಲಭದ ರಕ್ಷಣೆ. ಪೂರ್ಣ ಐಪಿ ವಿಳಾಸ ಉಳಿಸಬೇಡಿ, ವಿಚಾರಣೆ ಫಾರ್ಮಿನಲ್ಲಿ ತುಂಬಿದ ಹೆಸರು, ಫೋನ್ ನಂಬರ್ ಅನಾಲಿಟಿಕ್ಸ್‌ಗೆ ಹೋಗದಂತೆ ನೋಡಿಕೊಳ್ಳಿ. ಗೋಕರ್ಣದ ಯೋಗ ಕೇಂದ್ರಗಳಂತೆ ಯುರೋಪಿನವರಿಗೆಂದೇ ಯೂರೋದಲ್ಲಿ ದರ ಹಾಕಿದ ಸೈಟುಗಳಿಗೆ ಅಲ್ಲಿನ ದತ್ತಾಂಶ ರಕ್ಷಣೆಯ ಕಾನೂನು ಜಿಡಿಪಿಆರ್ ಕೂಡ ಅನ್ವಯಿಸಬಹುದು. ಅಂಥವರಿಗೆ ಕುಕಿ ಇಲ್ಲದ ವ್ಯವಸ್ಥೆಯನ್ನೇ ಕೊಡಿ.

ಹೆಜ್ಜೆ 9: ದಿನನಿತ್ಯದ ನಿರ್ವಹಣೆ

ಸರ್ವರ್ ನಿಂತರೆ ನಿಮಗೆ ಐದು ನಿಮಿಷದಲ್ಲಿ ಫೋನಿಗೆ ಸೂಚನೆ ಬರಬೇಕು. ಆ ಸೂಚನೆ ಕಳಿಸುವ ವ್ಯವಸ್ಥೆ ಬೇರೆಯೇ ಕಂಪನಿಯ ಬಳಿ ಇರಬೇಕು. ಬ್ಯಾಕಪ್ ಪ್ರತಿರಾತ್ರಿ, ಅದೂ ಬೇರೆ ಕಂಪನಿಯ ಜಾಗಕ್ಕೆ. ಮೂರು ತಿಂಗಳಿಗೊಮ್ಮೆ ಒಂದು ಬ್ಯಾಕಪ್ಪನ್ನು ಖಾಲಿ ಸರ್ವರಿಗೆ ಇಳಿಸಿ ನಿಜಕ್ಕೂ ತೆರೆಯುತ್ತದೆಯೇ ನೋಡಿ. ವಾರಕ್ಕೊಮ್ಮೆ ಪ್ರತಿ ಸೈಟಿನ ಅಂಕಿ ಸೊನ್ನೆಗೆ ಬಿದ್ದಿದೆಯೇ ಎಂದು ಕಣ್ಣಾಡಿಸಿ. ಸೈಟಿನ ಥೀಮ್ ಬದಲಿಸುವಾಗ ಟ್ರ್ಯಾಕಿಂಗ್ ಟ್ಯಾಗ್ ಅಳಿಸಿಹೋಗುವುದು ಈ ವೃತ್ತಿಯಲ್ಲಿ ಮತ್ತೆ ಮತ್ತೆ ನಡೆಯುವ ಸಂಗತಿ. ಅದಕ್ಕೇ ಸೈಟು ಮಾಡುವ ಡಿಸೈನರ್‌ಗಳ ಜೊತೆ ಸ್ನೇಹ ಇಟ್ಟುಕೊಳ್ಳಿ. ಅವರು ಕರೆತಂದ ಗಿರಾಕಿಯ ಮೊದಲ ವರ್ಷದ ಶುಲ್ಕದಲ್ಲಿ ಒಂದು ಪಾಲು ಅವರಿಗೆ ಕೊಡುವುದು ದರ ಇಳಿಸುವುದಕ್ಕಿಂತ ಒಳ್ಳೆಯ ದಾರಿ.

ದರ ಏರಿಸುವಾಗ ಹಳೆಯ ಗಿರಾಕಿಗೆ ಅವರ ವರ್ಷ ಮುಗಿಯುವವರೆಗೆ ಹಳೆಯ ದರವೇ ನಡೆಯಲಿ. ನವೀಕರಣಕ್ಕೆ ಎರಡು ತಿಂಗಳು ಮೊದಲೇ, ಎಷ್ಟು ಮತ್ತು ಏಕೆ ಎಂದು ಬರೆದು ತಿಳಿಸಿ.

ಬಿಟ್ಟು ಹೋಗುವವರ ವಿಷಯವನ್ನು ಒಪ್ಪಂದದಲ್ಲೇ ಸೇರಿಸಿ: ಹೇಳಿದ ಏಳು ದಿನದೊಳಗೆ ಅವರ ಎಲ್ಲ ಅಂಕಿಗಳು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ) ಕಡತದಲ್ಲಿ ಅವರ ಕೈಗೆ, ಮೂವತ್ತು ದಿನದೊಳಗೆ ನಿಮ್ಮ ಸರ್ವರಿನಿಂದ ಅಳಿಸುವಿಕೆ, ವಾರ್ಷಿಕವಾಗಿ ಕಟ್ಟಿದ್ದರೆ ಉಳಿದ ಪೂರ್ಣ ತಿಂಗಳುಗಳ ದುಡ್ಡು ವಾಪಸ್. ಬ್ಯಾಕಪ್‌ಗಳಲ್ಲಿ ಉಳಿದ ಪ್ರತಿ ಎಷ್ಟು ದಿನದಲ್ಲಿ ಹೋಗುತ್ತದೆ ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಿರಿ, ಸೈಟಿನಿಂದ ಟ್ಯಾಗ್ ತೆಗೆದುಕೊಡುವ ಕೆಲಸವನ್ನು ನೀವೇ ಮಾಡಿ.